ಬಯಾಪ್ಸಿಯಲ್ಲಿ ‘ಸ್ಟಂಪ್’ ಅಂತ ಬಂದರೆ ಕ್ಯಾನ್ಸರಾ?

ಅಕ್ಕನ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ತೆಗೆದ ಮೇಲೆ ರಿಪೋರ್ಟ್‌ನಲ್ಲಿ ‘ಸ್ಟಂಪ್’ ಅಂತ ಬಂದಿದೆ, ಇದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಹಾಗಂತ ಅರ್ಥ ಅಲ್ಲ. ಸಾದಾ ಗಡ್ಡೆಯೋ ಕ್ಯಾನ್ಸರೋ ಅಂತ ಖಚಿತವಾಗಿ ಹೇಳಲಾಗದಾಗ ಈ ಹೆಸರು ಕೊಡುತ್ತಾರೆ.

ಮೈಕ್ರೋಸ್ಕೋಪ್‌ನಲ್ಲಿ ಮುಖ್ಯವಾಗಿ ನೋಡುವುದು ಮೂರು: ಜೀವಕೋಶಗಳ ರೂಪ ಎಷ್ಟು ಕೆಟ್ಟಿದೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ, ಗಡ್ಡೆಯೊಳಗೆ ಕೋಶಗಳು ಸತ್ತಿವೆಯಾ. ಈ ಮೂರನೆಯದೇ ಜಾಸ್ತಿ ಕಷ್ಟ. ರಕ್ತ ಸಿಗದೆ ಸತ್ತ ಜಾಗವಾದರೆ, ಸತ್ತ ಭಾಗಕ್ಕೂ ಬದುಕಿರುವ ಭಾಗಕ್ಕೂ ನಡುವೆ ಸಾಮಾನ್ಯವಾಗಿ ಮಾಯುತ್ತಿರುವ ಒಂದು ಪಟ್ಟಿ ಕಾಣುತ್ತದೆ. ಕ್ಯಾನ್ಸರ್‌ನಲ್ಲಿ ಕಾಣುವ ಬಗೆಯಲ್ಲಿ ಆ ಪಟ್ಟಿ ಇರುವುದಿಲ್ಲ, ಗಡಿ ತಟ್ಟನೆ ಬದಲಾಗುತ್ತದೆ. ಅನುಭವಿಗಳಲ್ಲೂ ಇಲ್ಲಿ ಭಿನ್ನಾಭಿಪ್ರಾಯ ಬರುತ್ತದೆ.

ದಯವಿಟ್ಟು ಸ್ಲೈಡ್ ಜೊತೆ ಬ್ಲಾಕ್‌ಗಳನ್ನೂ (ಗಡ್ಡೆಯ ತುಣುಕುಗಳನ್ನು ಮೇಣದಲ್ಲಿ ಕೂರಿಸಿಟ್ಟ ಅಚ್ಚುಗಳು) ಕೇಳಿ ಪಡೆದು, ಸ್ತ್ರೀರೋಗದ ಗಡ್ಡೆಗಳಲ್ಲಿ ಪಳಗಿದ ಪೆಥಾಲಜಿಸ್ಟ್‌ಗೆ ತೋರಿಸಿ. ಕೆಲವರಲ್ಲಿ ವರ್ಷಗಳ ನಂತರವೂ ಮರುಕಳಿಸುತ್ತದೆ, ಫಾಲೋಅಪ್ ಮಾತ್ರ ಬಿಡಬೇಡಿ.