ರೈಲು ಮಾರ್ಗ ಘೋಷಣೆಯಾಗಿದೆ; ನಿಲ್ದಾಣ ಬರುವ ಕಡೆ ಸಾಲ ಮಾಡಿ ಜಮೀನು ಕೊಳ್ಳಬಹುದೇ?

‘ಕೇಂದ್ರ ಸರ್ಕಾರ ಈಗ ರೈಲ್ವೆಗೆ ಇಷ್ಟು ಹಣ ಕೊಡುತ್ತಿರುವಾಗ ಮಾರ್ಗ ಬಂದೇ ಬರುತ್ತದೆ’ ಎಂದು ಬರೆದಿದ್ದೀರಿ. ನಾನೂ ಹೀಗೆಯೇ ನಂಬಿದ್ದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಪ್ರಧಾನಿ ವಾಜಪೇಯಿಯವರು ಶಿಲಾನ್ಯಾಸ ಮಾಡಿದ ಮೇಲೆ ಯಲ್ಲಾಪುರದ ಸಮೀಪ ಸೊಸೈಟಿ ಸಾಲ ತೆಗೆದು ಮೂವತ್ತು ಗುಂಟೆ ಕೊಂಡೆ. ಜಮೀನಿನ ಮೂಲೆಯಲ್ಲಿದ್ದ ಸುಣ್ಣ ಬಳಿದ ಕಲ್ಲನ್ನು ತೋರಿಸಿ, ಇದು ರೈಲ್ವೆ ಸರ್ವೆಯದು, ನಿಲ್ದಾಣ ಇಲ್ಲಿಂದ ಕೂಗಳತೆಯಲ್ಲಿ ಎಂದು ಮಧ್ಯವರ್ತಿ ಹೇಳಿದ. ಸಾಲ ತೀರಿ ಎಷ್ಟೋ ವರ್ಷಗಳಾದವು. ಆ ಕಲ್ಲಿಗೆ ನಾವು ಈಗ ಕರು ಕಟ್ಟುತ್ತೇವೆ.

ನನ್ನ ತಪ್ಪು ಏನೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಮಧ್ಯವರ್ತಿಯನ್ನು ನಂಬಿದ್ದಲ್ಲ. ಬಜೆಟ್‌ನಲ್ಲಿ ಮಂಜೂರಾಗಿದೆ, ಅಡಿಗಲ್ಲು ಬಿದ್ದಿದೆ ಎಂಬೆರಡನ್ನೇ ನೋಡಿದ ನಾನು, ಕಲಘಟಗಿ ದಾಟಿದ ಮೇಲೆ ಮಾರ್ಗ ಘಟ್ಟದ ಕಾಡಿನೊಳಗೆ ಇಳಿಯಬೇಕು, ಅದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಆ ಅನುಮತಿ ಸಿಕ್ಕಿದೆಯೇ ಎಂದು ಒಬ್ಬರನ್ನೂ ಕೇಳಲಿಲ್ಲ. ಹುಟ್ಟಿನಿಂದ ಕಾಡಿನಂಚಿನಲ್ಲೇ ಇದ್ದು, ಒಂದು ಮರ ಕಡಿಯಲು ಎಷ್ಟು ಕಚೇರಿ ಅಲೆಯಬೇಕೆಂದು ಗೊತ್ತಿದ್ದವನಿಗೆ ಇದು ಹೊಳೆಯಲಿಲ್ಲವೆಂಬುದೇ ನನಗೆ ಇಂದಿಗೂ ನಾಚಿಕೆ. ಕೇಳದೆ ಉಳಿದ ಇನ್ನೊಂದು ಪ್ರಶ್ನೆ, ಈ ಮಾರ್ಗ ಯಾರಿಗಾಗಿ ಎಂಬುದು. ನಾವು ಪ್ರಯಾಣಿಕರ ರೈಲಿನ ಕನಸು ಕಾಣುತ್ತಿದ್ದೆವು. ಯೋಜನೆಯ ಲೆಕ್ಕಾಚಾರ ನಿಂತಿದ್ದು ಬಹುಪಾಲು ಬಳ್ಳಾರಿ–ಹೊಸಪೇಟೆಯ ಅದಿರನ್ನು ಬಂದರಿಗೆ ಸಾಗಿಸುವುದರ ಮೇಲೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು, ಆ ಲೆಕ್ಕ ಅಲ್ಲಿಗೆ ಸಡಿಲಾಯಿತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಾಗ ಮನೆಯಲ್ಲಿ ಪಾಯಸ ಮಾಡಿದ್ದೆವು. ಜೂನ್‌ನಲ್ಲಿ ಹೈಕೋರ್ಟ್ ತಡೆಯಾಜ್ಞೆ ನೀಡಿತು.

ಆದ್ದರಿಂದ ಹಣ ಬಂದರೆ ಹಳಿ ಬರುತ್ತದೆಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 2024–25ರಲ್ಲಿ ರೈಲ್ವೆಯ ಬಂಡವಾಳ ವೆಚ್ಚಕ್ಕೆ 2.62 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದರು, ನಿಜ. ಆದರೆ ಭೂಮಿ, ಕಾಡು, ರಾಜ್ಯ ಸರ್ಕಾರದ ಪಾಲು ಇವು ಬೇರೆಯೇ ಮಾತು. ರಾಷ್ಟ್ರೀಯ ರೈಲು ಯೋಜನೆ 2030ರ ಹೊತ್ತಿಗೆ ದೇಶದ ಸರಕು ಸಾಗಣೆಯಲ್ಲಿ ರೈಲಿನ ಪಾಲನ್ನು ಶೇ. 45ಕ್ಕೆ ಏರಿಸುವ ಗುರಿ ಇಟ್ಟುಕೊಂಡಿದೆ. ಹಾಗಾಗಿ ನಿಮ್ಮೂರಿನಿಂದ ತುಂಬಿ ಹೋಗುವ ಸರಕು ಯಾವುದು ಎಂಬುದಕ್ಕೆ ಮೊದಲು ಉತ್ತರ ಹುಡುಕಿ.

ಬಜೆಟ್ ಜೊತೆ ಬರುವ ಪಿಂಕ್ ಬುಕ್‌ನಲ್ಲಿ, ಅಂದರೆ ಯಾವ ರೈಲ್ವೆ ಕಾಮಗಾರಿಗೆ ಎಷ್ಟು ಹಣ ಎಂಬ ಪಟ್ಟಿಯಲ್ಲಿ, ನಿಮ್ಮ ಮಾರ್ಗದ ಐದು ವರ್ಷದ ಹಂಚಿಕೆ ನೋಡಿ. ಬರೀ ಸಾವಿರ ರೂಪಾಯಿ ಇಟ್ಟು ಹೆಸರು ಉಳಿಸಿಕೊಂಡ ಕಾಮಗಾರಿಗಳೂ ಅದರಲ್ಲಿ ಸಿಗುತ್ತವೆ. ಸರ್ವೆ ನಂಬರ್ ಸಮೇತ ಭೂಸ್ವಾಧೀನದ ಅಧಿಸೂಚನೆ ಹೊರಡುವ ತನಕ ಸಾಲದ ಅರ್ಜಿಗೆ ಸಹಿ ಹಾಕಬೇಡಿ. ಅಷ್ಟರಲ್ಲಿ ಬೆಲೆ ಏರುತ್ತದೆ ಎನ್ನುತ್ತೀರಿ; ಏರಲಿ. ನನ್ನ ಮೂವತ್ತು ಗುಂಟೆಯಲ್ಲಿ ಅಡಿಕೆ ಹಾಕಿದ್ದೇನೆ, ಬಡ್ಡಿಯನ್ನಾದರೂ ಅದು ಕಟ್ಟಿತು.