ಎಲೆಕ್ಟ್ರಿಕ್ ಗಿಟಾರಿಗೆ 9 ಹಾಕ್ಲೋ 10 ಹಾಕ್ಲೋ, 11 ಹಾಕಿದ್ರ ಖರೇನ ಟೋನ್ ದಪ್ಪ ಬರ್ತೈತೇನು?

ಸದ್ಯಕ್ಕ 9-42 ಸೆಟ್ ಹಾಕ್ರಿ, 11ರ ಗೊಡವಿಗೆ ಹೋಗಬ್ಯಾಡ್ರಿ. ನೀವು ಬರದಿದ್ದು ಓದಿ ನನಗ ತಿಳಿದಿದ್ದು ಏನಂದ್ರ ಗಿಟಾರ್ ಸ್ಟ್ರಾಟ್ ಆಕಾರದ್ದು, ಹಿಂದ ಸ್ಪ್ರಿಂಗ್ ಇರೋ ಟ್ರೆಮೊಲೊ ಬ್ರಿಜ್ ಐತಿ, ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಾಗ ಸಿನಿಮಾ ಹಾಡು ಮತ್ತ ಒಂದಿಷ್ಟು ರಾಕ್ ಬಾರಿಸ್ತೀರಿ, ಬೆಂಡ್ ಮಾಡಾಕ (ತಂತಿ ಒತ್ತಿ ಪಕ್ಕಕ್ಕ ಎಳ್ಯಾಕ) ಹೋದ್ರ ಬಟ್ಟು ನೋಯ್ತಾವು, ಮಳಿಗಾಲದಾಗ ತಂತಿ ಜಂಗ್ ಹಿಡಿತಾವು, ಇದರ ಮ್ಯಾಲ ಗೆಳ್ಯಾರು ಯಾರೋ 11 ಹಾಕು ಟೋನ್ ಗಟ್ಟಿ ಬರ್ತೈತಿ ಅಂದಾರ. ನಾನು ಬೆಳಗಾವಿಯಾಂವನ ರೀ, ಟಿಳಕವಾಡಿ, ಓಣಿ ಹುಡುಗರ ಗಿಟಾರಿಗೆ ತಂತಿ ಹಾಕಿ ಸೆಟಪ್ ಮಾಡಿ ಕೊಡೋದು ನನಗ ಭಾಳ ಇಷ್ಟದ ಕೆಲಸ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಈ 9, 10 ಅನ್ನೋದು ಇಂಚಿನ ಸಾವಿರದ ಭಾಗದ ಲೆಕ್ಕ. 9 ಅಂದ್ರ ಒಂದನೇ ತಂತಿ 0.009 ಇಂಚು ದಪ್ಪ, 42 ಅಂದ್ರ ಆರನೇದು 0.042 ಇಂಚು. 9ಕ್ಕೂ 10ಕ್ಕೂ ಕಣ್ಣಿಗೆ ಫರಕ್ ಕಾಣಂಗಿಲ್ಲ, ಆದ್ರ ತಂತಿ ತೂಕ ದಪ್ಪದ ವರ್ಗದ ಲೆಕ್ಕದಾಗ ಏರ್ತೈತಿ, ಹಂಗಾಗಿ ಅದ ಸ್ವರಕ್ಕ ತರಾಕ ಒಂದನೇ ತಂತೀನ 23 ಪರ್ಸೆಂಟ್ ಹೆಚ್ಚಿಗಿ ಬಿಗಿ ಮಾಡಬೇಕಾಗ್ತೈತಿ. ಆರೂ ತಂತಿ ಕೂಡಿಸಿದ್ರ 9-42 ಸೆಟ್ ನೆಕ್ ಮ್ಯಾಲ ಸುಮಾರು 38 ಕೆಜಿ ಎಳಿತೈತಿ, 10-46 ಸೆಟ್ ಸುಮಾರು 46 ಕೆಜಿ. ನಿಮ್ಮ ಬಟ್ಟು ನೋಯೋದು ಯಾಕ ಅಂತ ಇದರಾಗ ಗೊತ್ತಾತು, ಈಗ ಗಿಟಾರ್ ಮ್ಯಾಲ ಏನೈತಿ ಅಂತ ತಂತಿ ಪಾಕೀಟ್ ಇಟ್ಟಿದ್ರ ನೋಡ್ರಿ, 10 ಇರಬಹುದು.

ಬರೇ ದಪ್ಪ ನೋಡಿದ್ರ ಸಾಲಂಗಿಲ್ಲ, ತಂತಿ ಉದ್ದನೂ ನೋಡಬೇಕು. ನೆಕ್ ತುದಿಯಾಗ ತಂತಿ ಕೂಡೋ ನಟ್‌ನಿಂದ ಬ್ರಿಜ್ ತನಕ ಇರೋ ಉದ್ದಕ್ಕ ಸ್ಕೇಲ್ ಅಂತಾರ, ಫೆಂಡರ್ ಸ್ಟ್ರಾಟ್‌ದು 25.5 ಇಂಚು, ಗಿಬ್ಸನ್ ಲೆಸ್ ಪಾಲ್‌ದು 24.75. ಮುಕ್ಕಾಲು ಇಂಚು ಕಮ್ಮಿ ಆದ್ರ ಅದ ಗೇಜ್ (ತಂತಿ ದಪ್ಪ), ಅದ ಸ್ವರದಾಗ ಬಿಗಿ ಹತ್ತತ್ರ 6 ಪರ್ಸೆಂಟ್ ಕಮ್ಮಿ ಆಗ್ತೈತಿ. ಫ್ಯಾಕ್ಟರಿಯಿಂದ ಸ್ಟ್ರಾಟ್ 9-42 ಹಾಕ್ಕೊಂಡು, ಲೆಸ್ ಪಾಲ್ 10-46 ಹಾಕ್ಕೊಂಡು ಬರೋದಕ್ಕ ಇದೂ ಒಂದು ಕಾರಣ ಅಂತ ನಾ ತಿಳ್ಕೊಂಡೀನಿ. ಹಂಗಾಗಿ ಲೆಸ್ ಪಾಲ್ ಇದ್ದಾಂವ 10 ಭಾರೀ ಮೆತ್ತಗೈತಿ ಅಂದ್ರ ಅದು ನಿಮ್ಮ ಗಿಟಾರಿಗೆ ಹೊಂದಂಗಿಲ್ಲ.

ಇನ್ನ ಟ್ಯೂನಿಂಗ್. ಅರ್ಧ ಸ್ವರ ಇಳಿಸಿದ್ರ ಬಿಗಿ 11 ಪರ್ಸೆಂಟ್ ಇಳಿತೈತಿ, ಪೂರ್ತಿ ಒಂದು ಸ್ವರ ಇಳಿಸಿ ಡಿ ಸ್ಟ್ಯಾಂಡರ್ಡ್ ಮಾಡಿದ್ರ 20ರ ಮ್ಯಾಲ. ಅಂದ್ರ ಡಿ ಸ್ಟ್ಯಾಂಡರ್ಡ್‌ನಾಗ ಇರೋ 10ನೇ ಗೇಜಿನ ತಂತಿ ಕೈಗೆ ಹೆಚ್ಚುಕಮ್ಮಿ ಸ್ಟ್ಯಾಂಡರ್ಡ್ 9ರಂಗ ಹತ್ತತೈತಿ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ತಂತಿ ಹಾಕ್ತಿದ್ದ ಅಂತ ಎಲ್ಲಾರೂ ಹೇಳ್ತಾರ, ಅರ್ಧ ಸ್ವರ ಇಳಿಸಿ ಬಾರಿಸ್ತಿದ್ದ ಅನ್ನೋದನ್ನ ಬಿಟ್ಟ ಬಿಡ್ತಾರ. ಜೀಜೀ ಟಾಪ್ ಬ್ಯಾಂಡಿನ ಬಿಲ್ಲಿ ಗಿಬ್ಬನ್ಸ್ ಬಾರಿಸೋದು 7ರ ತಂತಿ, ಆ ಮನಷ್ಯಾನ ಟೋನ್ ತೆಳ್ಳಗೈತಿ ಅಂತ ಯಾರಾರ ಅಂದಾರೇನ್ರಿ? ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಐಯೋಮಿ ಫ್ಯಾಕ್ಟರಿಯಾಗ ಬಟ್ಟಿನ ತುದಿ ಕಳ್ಕೊಂಡ ಮ್ಯಾಲ ದಪ್ಪ ತಂತಿ ಒತ್ತಾಕ ಆಗದ ಬ್ಯಾಂಜೊ ತಂತಿ ಹಾಕ್ಕೊಂಡು ಬಾರಿಸಿದಾಂವ, ಮುಂದ ಟ್ಯೂನಿಂಗೂ ಕೆಳಗಿಳಿಸಿದ, ಹೆವಿ ಮೆಟಲ್‌ನ ಅಷ್ಟು ಭಾರದ ಸದ್ದು ಬಂದಿದ್ದು ಸಣ್ಣ ತಂತಿಯಿಂದ.

ಉದ್ದ, ದಪ್ಪ, ಸ್ವರ ಈ ಮೂರೂ ಕೂಡೇ ನೋಡೋದು ನಮ್ಮ ಕಡೆ ಮಂದಿಗೆ ಹೊಸಾದಲ್ಲ. ಇಲ್ಲೇ ಮಿರಜದಾಗ ತಂಬೂರಿ ಮಾಡೋರ ಕಡೆ ಹೋದ್ರ ಹಾಡೋರು ಗಂಡಸರೋ ಹೆಂಗಸರೋ, ಯಾವ ಪಟ್ಟಿ (ಶ್ರುತಿ) ಅಂತ ಮೊದ್ಲು ಕೇಳ್ತಾರ, ಹೆಂಗಸರ ತಂಬೂರಿ ಉದ್ದ ಕಮ್ಮಿ, ತಂತಿ ಸಣ್ಣ, ಸ್ವರ ಎತ್ತರ. ಸುಮ್ನ ದಪ್ಪ ತಂತಿ ಚಲೋ ಅಂತ ಅವರು ಯಾರಿಗೂ ಕೊಡಂಗಿಲ್ಲ. ಗಿಟಾರಿಗೂ ಹಂಗ ಕೇಳ್ಕೋಬೇಕು.

ದಪ್ಪ ತಂತಿಯಿಂದ ಏನೂ ಫರಕ್ ಬೀಳಂಗಿಲ್ಲ ಅಂತ ನಾ ಅನ್ನಂಗಿಲ್ಲ. ಲೋಹ ಹೆಚ್ಚಿದ್ದಷ್ಟು ಪಿಕಪ್‌ಗೆ (ತಂತಿ ಕೆಳಗ ಇದ್ದು ಅದರ ಅಲುಗಾಟ ಹಿಡಿಯೋ ಅಯಸ್ಕಾಂತದ ಭಾಗ) ಸಿಗ್ನಲ್ ಸ್ವಲ್ಪ ಜೋರ ಸಿಗ್ತೈತಿ, ಜೋರಾಗಿ ರಿದಮ್ ಹೊಡಿಯೋರಿಗೆ ತಂತಿ ಅಲ್ಲಾಡದ ಗಟ್ಟಿ ನಿಲ್ತೈತಿ, ಮತ್ತ 9ರ ಮ್ಯಾಲ ಕೈ ಭಾರ ಹಾಕಿ ಒತ್ತಿದ್ರ ಸ್ವರ ಏರಿ ಬೇಸೂರ ಆಗ್ತೈತಿ, ಇದು ಖರೆ, ಒತ್ತೋ ಕೈ ಹಗುರ ಮಾಡ್ಕೋಬೇಕು. ಆದ್ರ ನಿಮಗ ದಪ್ಪ ಸದ್ದು ಬೇಕಂದ್ರ ಮೊದ್ಲು ಪಿಕಪ್ ಆಜೂಬಾಜೂ ಇರೋ ಸ್ಕ್ರೂ ತಿರುಗಿಸಿ ಪಿಕಪ್ ಸ್ವಲ್ಪ ಮ್ಯಾಲ ತರ್ರಿ (ಭಾಳ ಹತ್ರ ತಂದ್ರ ಅಯಸ್ಕಾಂತ ತಂತೀನ ಎಳದು ಸ್ವರ ಕೆಡಸ್ತೈತಿ), ಆಂಪ್‌ನಾಗ ಮಿಡ್ ಏರಸ್ರಿ, ಪಿಕ್ ದಪ್ಪಂದು ತಗೋರಿ, ಮತ್ತ ಹೊಸಾ ತಂತಿ ಹಾಕ್ರಿ. ನಾ ನೋಡಿದಂಗ ಜಂಗ್ ಹಿಡಿದ 11ಕ್ಕಿಂತ ಹೊಸಾ 9 ಯಾವಾಗಲೂ ಚಲೋ ಕೇಳ್ತೈತಿ, ಇದರಾಗ ನನಗ ಎರಡು ಮಾತಿಲ್ಲ.

11 ಬ್ಯಾಡ ಅನ್ನಾಕ ದೊಡ್ಡ ಕಾರಣ ನಿಮ್ಮ ಬ್ರಿಜ್. ಟ್ರೆಮೊಲೊ ಅನ್ನೋದು ಒಂದು ಕಡೆ ತಂತಿ ಎಳೆತ, ಇನ್ನೊಂದು ಕಡೆ ಹಿಂದಿನ ಸ್ಪ್ರಿಂಗ್ ಎಳೆತ, ಎರಡೂ ಸಮ ಇದ್ದಾಗಷ್ಟ ಜಾಗಾದಾಗ ಕುಂದ್ರತೈತಿ. ದಪ್ಪ ತಂತಿ ಹಾಕಿದ ಕೂಡ್ಲೆ ಬ್ರಿಜ್ ಹಿಂದಿನ ಕಡೆ ಮ್ಯಾಲೆದ್ದು ಬರ್ತೈತಿ, ಆಕ್ಷನ್ (ಫ್ರೆಟ್ ಮ್ಯಾಲ ತಂತಿ ಎತ್ತರ) ಏರ್ತೈತಿ, ಒಂದು ತಂತಿ ಟ್ಯೂನ್ ಮಾಡಿದ್ರ ಉಳಿದ ಐದೂ ಇಳಿತಾವು, ಮಂದಿ ಗಿಟಾರ್ ಕೆಟ್ಟೈತಿ ಅಂತ ತಿಳಿತಾರ. ಆವಾಗ ಹಿಂದಿನ ಮುಚ್ಚಳ ತಗದು ಸ್ಪ್ರಿಂಗ್ ಹಿಡಿದಿರೋ ಎರಡು ಉದ್ದ ಸ್ಕ್ರೂ ಬಿಗಿ ಮಾಡಬೇಕು, ನೆಕ್ ಮುಂದ ಬಗ್ಗಿದ್ರ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಕಾಲು ಸುತ್ತು ಬಲಕ್ಕ ತಿರುಗಿಸಿ ನೋಡಬೇಕು, ಒಮ್ಮೆಲೆ ಜಾಸ್ತಿ ತಿರುಗಿಸಬಾರ್ದು. ನಟ್ ಮ್ಯಾಲ ತಂತಿ ಕೂಡೋ ಕಚ್ಚು ಸಣ್ಣದಿದ್ರ ದಪ್ಪ ತಂತಿ ಅದರಾಗ ಸಿಕ್ಕೊಂಡು ಟ್ಯೂನ್ ಮಾಡುವಾಗ ಟಿಂಗ್ ಅಂತ ಜಿಗಿತೈತಿ, ಪೆನ್ಸಿಲ್ ಸೀಸ ಉಜ್ಜಿದ್ರ ಸ್ವಲ್ಪ ಸರಿ ಹೋಗ್ತೈತಿ, ಪೂರಾ ಸರಿ ಆಗಬೇಕಂದ್ರ ನಟ್ ಕೊರೀಬೇಕು. ಈಗ 10 ಇದ್ದು 9 ಹಾಕಿದ್ರೂ ಇದ ಕೆಲಸ ಉಲ್ಟಾ ಮಾಡೋದು, ಸ್ಪ್ರಿಂಗ್ ಸ್ಕ್ರೂ ಸಡ್ಲ, ರಾಡ್ ಸಡ್ಲ, ಆದ್ರ ನಟ್ ಮುಟ್ಟೋದು ಬೀಳಂಗಿಲ್ಲ.

ಕಡೀಕ ಇಂಟೊನೇಶನ್, ಅಂದ್ರ ಫ್ರೆಟ್ ಮ್ಯಾಲ ಒತ್ತಿದಾಗ ಸ್ವರ ಸರಿ ಬರ್ತೈತೇನು ಅಂತ ನೋಡ್ರಿ. 12ನೇ ಫ್ರೆಟ್ ಮ್ಯಾಲ ಹಾರ್ಮೋನಿಕ್ (ತಂತಿ ಒತ್ತದ ಬರೇ ಮುಟ್ಟಿ ಬಾರಿಸಿದ ಸ್ವರ) ತಗದು, ಆಮ್ಯಾಲ ಅಲ್ಲೇ ಒತ್ತಿ ಬಾರಿಸಿ ಟ್ಯೂನರ್‌ನಾಗ ಎರಡೂ ಹೋಲಿಸ್ರಿ, ಒತ್ತಿದ ಸ್ವರ ಏರಿದ್ರ ಸ್ಯಾಡಲ್ (ಬ್ರಿಜ್ ಮ್ಯಾಲ ಆ ತಂತಿ ಕೂಡೋ ತುಂಡು) ಹಿಂದ ಸರಸ್ರಿ, ಇಳಿದಿದ್ರ ಮುಂದ. ಹಳೇ ತಂತಿ ಮ್ಯಾಲ ಈ ಕೆಲಸ ಮಾಡಬ್ಯಾಡ್ರಿ, ಎಷ್ಟು ತಿರುಗಿಸಿದ್ರೂ ಹೊಂದಂಗಿಲ್ಲ.

ಅಂಗಡ್ಯಾಗ ಕೇಳುವಾಗ ಎಲೆಕ್ಟ್ರಿಕ್ ಅಂತ ಒತ್ತಿ ಹೇಳ್ರಿ. ಅಕೌಸ್ಟಿಕ್ ಸೆಟ್‌ನಾಗ ದಪ್ಪ ತಂತಿಗೆ ಸುತ್ತಿರೋದು ಬ್ರಾಂಜ್, ಅದಕ್ಕ ಅಯಸ್ಕಾಂತ ಹತ್ತಂಗಿಲ್ಲ, ಪಿಕಪ್‌ಗೆ ಒಳಗಿನ ಉಕ್ಕಿನ ಎಳಿ ಅಷ್ಟ ಸಿಗ್ತೈತಿ, ಸದ್ದು ಒಂದರಂಗ ಒಂದು ಬರಂಗಿಲ್ಲ. ನಿಕಲ್ ಪ್ಲೇಟೆಡ್ ಸ್ಟೀಲ್ ಅಂತ ಬರೆದಿರೋದು ತಗೋರಿ, ಡಿ'ಅಡಾರಿಯೊ ಇಎಕ್ಸ್‌ಎಲ್ 120 ಅಥವಾ ಎರ್ನಿ ಬಾಲ್ ಸೂಪರ್ ಸ್ಲಿಂಕಿ, ಎರಡೂ 9-42, ಯಾವ್ದಾದ್ರೂ ನಡಿತೈತಿ. ಆಗಾಗ ಡ್ರಾಪ್ ಡಿ (ಆರನೇ ತಂತಿ ಅಷ್ಟ ಒಂದು ಸ್ವರ ಇಳಿಸಿ) ಬಾರಿಸ್ತೀನಿ ಅಂದ್ರ 9-46 ಹೈಬ್ರಿಡ್ ಸೆಟ್ ಸಿಗ್ತೈತಿ, ಒಂದರಿಂದ ಮೂರನೇ ತಂತಿ ಸಣ್ಣ, ನಾಲ್ಕರಿಂದ ಆರನೇದು ದಪ್ಪ, ಬಟ್ಟಿಗೂ ನೋವಿಲ್ಲ.

ಜಂಗ್ ಬಗ್ಗೆ ಹೇಳಬೇಕಂದ್ರ ನಮ್ಮೂರ ಹವಾದಾಗ ಜೂನ್ ಹತ್ತಿತಂದ್ರ ಸಪ್ಟೆಂಬರ್ ತನಕ ಗ್ವಾಡಿನೂ ಹಸಿ ಇರ್ತಾವು, ವಿಜಯಪುರದ ಒಣ ಹವಾದಾಗ ತಂತಿ ಇದಕ್ಕಿಂತ ಭಾಳ ದಿನ ಬಾಳ್ತಾವು. ಮೊದ್ಲು ಜಂಗ್ ಹಿಡಿಯೋದು ಸುತ್ತಿಲ್ಲದ ಮೊದಲಿನ ಮೂರು ತಂತಿ, ಬಟ್ಟು ಅದರ ಮ್ಯಾಲ ಸರಿಸಿದ್ರ ಖರಖರ ಹತ್ತತೈತಿ, ಫ್ರೆಟ್ಟೂ ಸವೆಸ್ತೈತಿ. ಬಾರಿಸೋಕ್ಕಿಂತ ಮೊದ್ಲು ಕೈ ತೊಳ್ಕೊಂಡು ಒರಸ್ಕೋರಿ, ಬಾರಿಸಿದ ಮ್ಯಾಲ ಒಣ ಅರಬಿಯಿಂದ ಒಂದೊಂದ ತಂತಿ ಕೆಳಗೂ ಸೇರಿಸಿ ಒರಸ್ರಿ, ಗ್ವಾಡಿಗೆ ತೂಗುಹಾಕದ ಬ್ಯಾಗಿನಾಗ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡ್ರಿ. ಎಲಿಕ್ಸರ್‌ನಂಥಾ ಕೋಟೆಡ್ ತಂತಿಗೆ ರೊಕ್ಕ ಜಾಸ್ತಿ, ಆದ್ರ ಮಳಿಗಾಲಕ್ಕ ಅಂತ ಒಂದು ಸೆಟ್ ಹಾಕೋದು ದಂಡ ಅಲ್ಲ, ಬ್ಯಾಸಿಗ್ಯಾಗ ಸಾದಾದ್ದ ಸಾಕು.

ಹೊಸಾ ತಂತಿ ಹಾಕಿದ ಮ್ಯಾಲ ಒಂದೊಂದನ್ನ ಕೈಯಿಂದ ಮೆಲ್ಲಕ ಎಳದು ಮತ್ತ ಟ್ಯೂನ್ ಮಾಡ್ರಿ, ಇಳಿಯೋದು ನಿಲ್ಲೋ ತನಕ. ಆಮ್ಯಾಲೂ ಒಂದ ತಂತಿ ಪದೇಪದೇ ಬ್ರಿಜ್ ಹತ್ರನ ಹರಿತಿದ್ರ ಗೇಜ್ ಬದಲಿ ಮಾಡಾಕ ಹೋಗಬ್ಯಾಡ್ರಿ, ಆ ಸ್ಯಾಡಲ್ ಮ್ಯಾಲ ಚೂಪ ಏನಾರ ಎದ್ದಿರ್ತೈತಿ, ಸಣ್ಣ ಪಾಲಿಶ್ ಪೇಪರ್‌ಲೆ ನೈಸ್ ಮಾಡಿದ್ರ ಸಾಕು.