ಬೋರ್ ಕೊರೆದಷ್ಟೂ ಕಲ್ಲೇ, ಇನ್ನೂ ಕೆಳಗೆ ಏನಿದೆ?

ಪ್ರಶ್ನೆ: ಹೊಲದಲ್ಲಿ ಬೋರ್ ಹಾಕಿಸಿದೆವು. ಮೊದಲು ಕರಿ ಪುಡಿ ಬಂತು, ಆಮೇಲೆ ಬೂದು ಪುಡಿ. 500 ಅಡಿ ಹೋದರೂ ಕಲ್ಲೇ. ಪಕ್ಕದಲ್ಲಿ ನಿಂತಿದ್ದ ಮಗಳು, ‘ಇನ್ನೂ ಕೆಳಗ ಹೋದ್ರ ಬೆಂಕಿ ಬರ್ತದೇನಪ್ಪಾ? ಗುರು ಗ್ರಹ ಭಾಳ ದೊಡ್ಡದಂತ, ಅಲ್ಲಿ ಇನ್ನೂ ಆಳ ಬೋರ್ ಹಾಕಬಹುದೇನು?’ ಎಂದು ಕೇಳಿದಳು. ಏನು ಹೇಳಲಿ?
— ಒಬ್ಬ ರೈತ, ಸೇಡಂ ತಾಲೂಕು

ಉತ್ತರ: ಮಗಳ ಪ್ರಶ್ನೆಗೆ ಅರ್ಧ ಉತ್ತರ ಬೋರಿನ ಪಕ್ಕದ ಪುಡಿ ರಾಶಿಯಲ್ಲೇ ಇದೆ. ಚಿಟಿಕೆ ಬೂದು ಪುಡಿಯನ್ನು ತಟ್ಟೆಗೆ ಹಾಕಿ, ನಿಂಬೆಹಣ್ಣು ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು, ಪಡಸಾಲೆಗೆ ಹಾಸುವ ಶಹಾಬಾದ್ ಪರಸಿಯ ಬಳಗ. ಬಹಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂಡಿದ್ದು.

ಕರಿ ಪುಡಿಯ ಕಥೆ ಬೇರೆ. ಅದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಉಕ್ಕಿ, ಪದರ ಪದರವಾಗಿ ಹರಡಿ ಗಟ್ಟಿಯಾಯಿತು. ಅದು ಕರಗಿ ಮೇಲೆ ಬಂದದ್ದು ಭೂಮಿಯ ಎರಡನೇ ಪದರವಾದ ಮ್ಯಾಂಟಲ್‌ನಿಂದ. ಅದೇ ಕಲ್ಲು ಸವೆದು ಎರಿ ಮಣ್ಣಾಯಿತು. ನಮ್ಮ ತೊಗರಿ ಬೆಳೆಯುವುದು ಅದರಲ್ಲೇ. ಕೆಳಗೆ ಏನಿದೆ ಎಂದು ಕೇಳಿದಿರಲ್ಲ, ಅದರ ಒಂದು ಪಾಲು ಆಗಲೇ ನಿಮ್ಮ ಹೊಲಕ್ಕೆ ಬಂದು ಕೂತಿದೆ.

ಹಾಗಾದರೆ ಕೆಳಗೆಲ್ಲ ಬೆಂಕಿಯೇ? ಅಲ್ಲ. ಪುಸ್ತಕದ ಚಿತ್ರದಲ್ಲಿ ಮ್ಯಾಂಟಲ್‌ಗೆ ಕೆಂಪು ಬಣ್ಣ ಬಳಿಯುತ್ತಾರೆ, ಮಕ್ಕಳು ಅದನ್ನು ಕುದಿಯುವ ರಸ ಎಂದುಕೊಳ್ಳುತ್ತಾರೆ. ಈ ತಪ್ಪು ತಿಳಿವಳಿಕೆ ಹೋಗಲೇಬೇಕು. ಮ್ಯಾಂಟಲ್ ಬಿಸಿಯಾದ ಗಟ್ಟಿ ಕಲ್ಲು. ನಮ್ಮ ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತದೆ, ಅಷ್ಟೇ. ಕರಗುವುದು ಅಲ್ಲಲ್ಲಿ, ಸ್ವಲ್ಪ ಸ್ವಲ್ಪ.

ನಾವು ನಿಂತಿರುವ ಭೂಕವಚ 30-40 ಕಿ.ಮೀ. ದಪ್ಪ. ಮ್ಯಾಂಟಲ್ ಸುಮಾರು 2,900 ಕಿ.ಮೀ. ಆಳದವರೆಗೆ. ಅದರ ಕೆಳಗೆ ಕರಗಿದ ಕಬ್ಬಿಣ, ನಿಕ್ಕಲ್ ಇರುವ ಹೊರ ಕೇಂದ್ರಗೋಳ. ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ತಿರುಗುವುದು ಅದರಿಂದಲೇ. ನಟ್ಟನಡುವೆ 5,000 ಡಿಗ್ರಿಗೂ ಜಾಸ್ತಿ ಬಿಸಿ, ಆದರೆ ಮೇಲಿನ ಒತ್ತಡಕ್ಕೆ ಅಲ್ಲಿನ ಕಬ್ಬಿಣ ಗಟ್ಟಿಯಾಗೇ ಇದೆ. ಅಲ್ಲಿಗೆ 6,371 ಕಿ.ಮೀ. ನಿಮ್ಮ ಬೋರಿನಂಥದ್ದು ಒಂದರ ಕೆಳಗೊಂದು 40 ಸಾವಿರಕ್ಕೂ ಜಾಸ್ತಿ ಬೇಕು! ರಷ್ಯಾದ ಕೋಲಾದಲ್ಲಿ 1970ರಲ್ಲಿ ಶುರು ಮಾಡಿ 1989ರ ಹೊತ್ತಿಗೆ 12,262 ಮೀಟರ್ ಕೊರೆದರು. ಅಲ್ಲಿ 180 ಡಿಗ್ರಿ ಬಿಸಿ, ಮುಂದೆ ಹೋಗಲಾಗಲಿಲ್ಲ. ಭೂಕವಚವನ್ನೇ ದಾಟಿರಲಿಲ್ಲ.

ಮತ್ತೆ ಇದೆಲ್ಲ ಗೊತ್ತಾಗಿದ್ದು ಹೇಗೆ? ಕಲ್ಲಂಗಡಿ ತಟ್ಟಿ ಒಳಗೆ ಹಣ್ಣಾಗಿದೆಯಾ ನೋಡುತ್ತೇವಲ್ಲ, ಹಾಗೆ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪ ನಮ್ಮ ಭಾಗದ ಹಿರಿಯರಿಗೆ ನೆನಪಿದೆ. ಭೂಕಂಪದ ಅಲೆಗಳು ಭೂಮಿಯ ಒಳಗೂ ಓಡುತ್ತವೆ. ಅವುಗಳಲ್ಲಿ ಒಂದು ಬಗೆಯವು ದ್ರವದೊಳಗೆ ಹೋಗಲಾರವು. ಎಲ್ಲಿ ನಿಂತವು, ಎಲ್ಲಿ ಬಾಗಿದವು ಎಂಬುದರಿಂದ ಪದರ ತಿಳಿಯುತ್ತದೆ. ನಡುವಿನ ಗಟ್ಟಿ ಗೋಳವನ್ನು 1936ರಲ್ಲಿ ಹೀಗೇ ಕಂಡುಹಿಡಿದವರು ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ಹೆಣ್ಣುಮಗಳು. ಇದನ್ನು ಮಗಳಿಗೆ ಖಂಡಿತ ಹೇಳಿ.

ಇನ್ನು ಗುರು. ಭೂಮಿ ಒಂದು ತೊಗರಿ ಕಾಳು ಎಂದುಕೊಳ್ಳಿ. ಶುಕ್ರ ಹೆಚ್ಚುಕಡಿಮೆ ಅಷ್ಟೇ ಇನ್ನೊಂದು ಕಾಳು. ಮಂಗಳ ಸಣ್ಣ ಹೆಸರು ಕಾಳು, ಬುಧ ಸಜ್ಜೆ ಕಾಳು. ಯುರೇನಸ್, ನೆಪ್ಚೂನ್ ಎರಡು ನೆಲ್ಲಿಕಾಯಿ. ಗುರು ಒಂದು ಮೋಸಂಬಿ, ಅಡ್ಡಳತೆಯಲ್ಲಿ ಭೂಮಿಯ 11 ಪಟ್ಟು. ಶನಿ ಅದಕ್ಕಿಂತ ಚೂರು ಸಣ್ಣದು. ಆದರೆ ಗುರುವಿನಲ್ಲಿ ಬೋರ್ ಗಾಡಿ ನಿಲ್ಲಿಸಲು ನೆಲವೇ ಇಲ್ಲ. ಬಹುಪಾಲು ಹೈಡ್ರೋಜನ್, ಹೀಲಿಯಂ. ಮೇಲೆ ಗಾಳಿಯಂತೆ, ಆಳಕ್ಕೆ ಹೋದಂತೆ ಒತ್ತಡಕ್ಕೆ ದ್ರವದಂತೆ. ಗಾತ್ರದಲ್ಲಿ ನಮ್ಮ ಭೂಮಿಗೆ ಐದನೇ ಜಾಗ. ಸಾಂದ್ರತೆಯಲ್ಲಿ ಎಂಟೂ ಗ್ರಹಗಳಿಗೆ ಭೂಮಿಯೇ ಮೊದಲು.

ನೆಲ ಇರುವ ಮಂಗಳನಲ್ಲೂ ಕೊರೆಯುವುದು ಸುಲಭವಲ್ಲ. 2018ರಲ್ಲಿ ಅಲ್ಲಿ ಇಳಿದ ನಾಸಾದ ಇನ್‌ಸೈಟ್ ನೌಕೆ 5 ಮೀಟರ್ ಆಳಕ್ಕೆ ಇಳಿಸಬೇಕೆಂದಿದ್ದ ಸಾಧನ, ಮಣ್ಣಿನ ಹಿಡಿತ ಸಿಗದೆ ಮೇಲೇ ಉಳಿಯಿತು. ಆದರೂ ಅಲ್ಲಿನ ಕಂಪನಗಳನ್ನು ಆಲಿಸಿ, ಮಂಗಳನ ಒಳಗಿನ ಪದರಗಳನ್ನು ಆ ನೌಕೆ ಅಳೆದು ಕೊಟ್ಟಿತು.